ಅಜ್ಜನವರ ಬೆನ್ನಿಗೆ ಹತ್ತಿದ ಮಣ್ಣು

ಮಡ್ಡಿಹಾಳದ ತಾಲೀಮಿನ, ಅಂದರೆ ಗರಡಿಮನೆಯ, ಹಿಂಗೋಡೆಗೆ ಆತುಕೊಂಡು ಒಂದು ತಗಡಿನ ಮಾಡು ಇತ್ತು. ಕುಸ್ತಿಯ ಅಖಾಡಕ್ಕೆ ಬೇಕಾಗುವ ಕೆಮ್ಮಣ್ಣನ್ನು ಅದರಲ್ಲಿ ರಾಶಿ ಹಾಕುತ್ತಿದ್ದರು. ಪೂಜ್ಯ ಬಯಲಪ್ಪಜ್ಜನವರು ನಮ್ಮ ಊರಿಗೆ ದಯಮಾಡಿಸಿದಾಗ ಹಿರಿಯರೆಲ್ಲ ಕೂಡಿ, ಕಲ್ಲಿನ ಮಠ ಕಟ್ಟಿಸಿಕೊಡುತ್ತೇವೆ ಎಂದು ಕೈಮುಗಿದು ನಿಂತರು. ಅಜ್ಜನವರು ಆ ಮಾಡಿನೊಳಗೆ ಹೋಗಿ, ಮಣ್ಣನ್ನು ಒಂದು ಮೂಲೆಗೆ ಸರಿಸಿ, ಉಳಿದ ಜಾಗದಲ್ಲಿ ಕಂಬಳಿ ಹಾಸಿಕೊಂಡು, "ಇಷ್ಟ ಸಾಕು" ಎಂದರು. ಲಿಂಗೈಕ್ಯರಾಗುವವರೆಗೂ ಅದೇ ಅವರ ಮಠವಾಯಿತು, ಆ ಕಂಬಳಿಯೇ ಅವರ ಪೀಠವಾಯಿತು. ಬೆಳಗಿನ ಜಾವ ಗೋಡೆಯ ಆಚೆ ಹುಡುಗರು ದಂಡ ಬೈಠಕ್ ಹೊಡೆಯುವ ಸದ್ದು ಕೇಳುತ್ತ, ಈಚೆ ಅವರು ಪೂಜೆಗೆ ಕೂಡುತ್ತಿದ್ದರು.

ಅಜ್ಜನವರ ಹೆಸರಿನಲ್ಲಿ ಇಂದು ಪವಾಡಗಳಿಗೆ ಬರವಿಲ್ಲ. ಬತ್ತಿದ ಬಾವಿಗೆ ನೀರು ಬಂದದ್ದು, ಮಾತು ಬಾರದ ಕೂಸು ಮಾತಾಡಿದ್ದು, ಹೀಗೆ ಹೇಳುತ್ತಲೇ ಇರುತ್ತಾರೆ. ನಾನು ಯಾವುದನ್ನೂ ಅಲ್ಲಗಳೆಯುವವನಲ್ಲ. ಆದರೆ ಹೇಳುವವರ ಬಾಯಲ್ಲಿ ಆ ಬಾವಿ ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋಗುವುದನ್ನು ಕಂಡು ನನಗೆ ಒಳಗೊಳಗೇ ನಗು ಬರುತ್ತದೆ. ಈಗ ನಾನು ಹೇಳಲಿರುವುದರಲ್ಲಿ ನೀರು ಉಕ್ಕಲಿಲ್ಲ, ಬೆಳಕು ಮೂಡಲಿಲ್ಲ. ಇದಕ್ಕೆ ಇಡೀ ಊರೇ ಸಾಕ್ಷಿ. ನನ್ನ ಸೋದರಮಾವ ಆಗ ಅದೇ ತಾಲೀಮಿನಲ್ಲಿ ಸಾಮು ಮಾಡುತ್ತಿದ್ದರು, ಆ ದಿನ ಅಖಾಡದ ಕಟ್ಟೆಯ ಮೇಲೆಯೇ ಕುಳಿತಿದ್ದರು. ಅವರು ನನಗೆ ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ತಾಲೀಮು ನಡೆಸುತ್ತಿದ್ದವರು ಲಾಡಸಾಹೇಬ ವಸ್ತಾದರು. ಬೆಳಗಿನ ನಮಾಜು ಮುಗಿಸಿ ಬರುವರು, ಗೂಡಿನಲ್ಲಿದ್ದ ಹನುಮಪ್ಪನ ಮುಂದೆ ಹುಡುಗರಿಂದ ದೀಪ ಹಚ್ಚಿಸುವರು, ಚಿಟಿಕೆ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಅಖಾಡಕ್ಕೆ ಇಳಿಯುವರು. ನಮ್ಮ ಕಡೆ ಇದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಪ್ರಾಯದಲ್ಲಿ ದೊಡ್ಡ ದೊಡ್ಡ ಪೈಲವಾನರ ಜೋಡಿ ಹಿಡಿದ ಮನುಷ್ಯ. ಅಂಥ ಒಂದು ಕುಸ್ತಿಯಲ್ಲಿಯೇ ಕುತ್ತಿಗೆಗೆ ಪೆಟ್ಟು ಬಿದ್ದಿತ್ತು. ಆಮೇಲೆ ಕುತ್ತಿಗೆ ಹೊರಳಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಇನ್ನೊಮ್ಮೆ ಅಲ್ಲಿ ಪೆಟ್ಟು ಬಿದ್ದರೆ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಆ ತಾಲೀಮಿನಲ್ಲಿ ಒಂದು ರಿವಾಜು ಇತ್ತು. ಯಾರು ಯಾರನ್ನೇ ಅಂಗಾತ ಕೆಡವಿ ಚಿತ್ ಮಾಡಲಿ, ಗೆದ್ದವನು ಸೋತವನ ಕೈಹಿಡಿದು ಎಬ್ಬಿಸಬೇಕು, ಅವನ ಬೆನ್ನಿಗೆ ಹತ್ತಿದ ಮಣ್ಣನ್ನು ತನ್ನ ಕೈಯಾರೆ ಝಾಡಿಸಬೇಕು. ಅದಾದ ಮೇಲೆಯೇ ಕುಸ್ತಿ ಮುಗಿದಂತೆ. ಎದೆಗೆ, ತೊಡೆಗೆ ಹತ್ತಿದ್ದನ್ನು ತಾನೇ ಒರೆಸಿಕೊಳ್ಳಬಹುದು, ಬೆನ್ನಿನದು ಮಾತ್ರ ತನ್ನ ಕೈಗೆ ಎಟುಕುವುದಿಲ್ಲವಲ್ಲ. ಕೆಡವಿದ ಕೈಯೇ ಬೆನ್ನು ಸವರಿದರೆ ಸೋತವನ ಹೊಟ್ಟೆಯಲ್ಲಿ ಕಿಚ್ಚು ಉಳಿಯುವುದಿಲ್ಲ ಎಂದು ಹಿಂದಿನವರು ಕಂಡುಕೊಂಡಿದ್ದರು. ಈ ರಿವಾಜಿನಿಂದಾಗಿಯೇ ಆ ತಾಲೀಮಿನ ಹುಡುಗರು ಅಖಾಡದಲ್ಲಿ ಜಗಜಟ್ಟಿಗಳಂತೆ ಸೆಣಸಿ, ಹೊರಗೆ ಬಂದು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ವಸ್ತಾದರ ಶಿಷ್ಯರಲ್ಲೆಲ್ಲ ಹೆಸರಾದವನು ಭರಮಪ್ಪ. ಕುರುಬರ ಓಣಿಯ ಹುಡುಗ, ಎಳೆತನದಲ್ಲೇ ತಾಯಿಯನ್ನು ಕಳೆದುಕೊಂಡವನು. ತಂದೆ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದುದರಿಂದ ಹುಡುಗ ವಸ್ತಾದರ ಮನೆಯಲ್ಲೇ ಬೆಳೆದ. ವಸ್ತಾದರ ಹೆಂಡತಿ ಜೈನಾಬಿಯವರಿಗೆ ಮಕ್ಕಳಿರಲಿಲ್ಲ. ಎಮ್ಮೆಯ ಹಾಲಿನ ಮೊದಲ ಚರಿಗೆ ಇವನಿಗೆ, ಉಳಿದದ್ದು ಗಂಡನಿಗೆ. ಅಂಥ ಅಕ್ಕರೆಯಲ್ಲಿ ಬೆಳೆದ ಹುಡುಗ ರಾತ್ರಿ ಮಲಗುವ ಮುಂಚೆ ವಸ್ತಾದರ ಆ ನೋವಿನ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಿದ್ದ. ಎಲ್ಲಿ ಒತ್ತಿದರೆ ಹಿತ, ಎಲ್ಲಿ ಒತ್ತಿದರೆ ಪ್ರಾಣ ಹೋದಂತಾಗುತ್ತದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು.

ಭರಮಪ್ಪ ಬೆಳೆದ, ಊರೂರಿನ ಕುಸ್ತಿಗಳಲ್ಲಿ ಬೆಳ್ಳಿಯ ಕಡಗ ಗೆದ್ದು ತಂದ. ಅವನ ಬೆನ್ನಿಗೆ ಮಣ್ಣು ಹತ್ತುವುದು ನಿಂತೇ ಹೋಯಿತು. ಆಗ ಒಂದು ದಿನ ಹೊರಗಿನ ದೊಡ್ಡ ಮನುಷ್ಯರು ತಾಲೀಮು ನೋಡಲು ಬಂದಿದ್ದರು. ಭರಮಪ್ಪ ಒಬ್ಬನನ್ನು ಕೆಡವಿ, ರಿವಾಜಿನಂತೆ ಎಬ್ಬಿಸಿ ಬೆನ್ನು ಝಾಡಿಸಲು ಬಾಗಿದ. ವಸ್ತಾದರಿಗೆ ಏನನ್ನಿಸಿತೋ, ಅತಿಥಿಗಳ ಮುಂದೆ ಮೀಸೆ ತಿರುವುತ್ತ, "ಬಿಡೋ ಭರಮ್ಯಾ, ಅದು ನಿನ್ನ ಕೆಲಸ ಅಲ್ಲ. ಹುಡುಗೂರು ನೋಡ್ಕೋತಾವ" ಎಂದರು. ಪ್ರೀತಿಯಿಂದ ಆಡಿದ ಮಾತು, ಸ್ವಲ್ಪ ಡೌಲೂ ಅದರಲ್ಲಿತ್ತು. ಭರಮಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಅವನು ಯಾರ ಬೆನ್ನನ್ನೂ ಮುಟ್ಟಲಿಲ್ಲ.

ಅಲ್ಲಿಂದ ಒಂದೊಂದೇ ಕೆಟ್ಟಿತು. ಸಣ್ಣವರ ಕೈ ಸೋಲುವವರೆಗೆ ಮೈ ತಿಕ್ಕಿಸಿಕೊಳ್ಳತೊಡಗಿದ. ಪಟ್ಟು ತಪ್ಪಿದವರನ್ನು ತಾಯಿಯ ಹೆಸರು ಹಿಡಿದು ಬೈದ. ಕಾಲಲ್ಲಿ ಚಪ್ಪಲಿ ಇದ್ದಂತೆಯೇ ಅಖಾಡದ ಕಟ್ಟೆ ಹತ್ತಿದ. ವಸ್ತಾದರು ಎಲ್ಲವನ್ನೂ ಕಂಡರು. ನನ್ನ ಹುಲಿ, ಪ್ರಾಯದ ಸೊಕ್ಕು, ಇಳಿಯುತ್ತದೆ ಎಂದು ನುಂಗಿಕೊಂಡರು. ಸೊಕ್ಕು ಇಳಿಯಲಿಲ್ಲ, ತಲೆಗೇ ಏರಿತು.

ಒಂದು ಬೆಳಗ್ಗೆ ಭರಮಪ್ಪನ ಎದುರಿಗೆ ನೇಕಾರರ ತಿಪ್ಪಣ್ಣ ಜೋಡಿ ನಿಂತಿದ್ದ. ಸಣಕಲು ಮೈ, ಆದರೆ ಬಲು ಹಟಮಾರಿ. ವಿಧವೆ ತಾಯಿ ಗೌರವ್ವನಿಗೆ ಒಬ್ಬನೇ ಮಗ, ಅವನು ಮಗ್ಗದ ಮೇಲೆ ಕೂತರೇ ಮನೆಯಲ್ಲಿ ಒಲೆ ಉರಿಯುವುದು. ಅಂದು ತಿಪ್ಪಣ್ಣ ಅದು ಹೇಗೋ ಒಳನುಗ್ಗಿ ಭರಮಪ್ಪನ ಕಾಲಿಗೆ ಕೈಹಾಕಿ, ಅವನ ಒಂದು ಮೊಣಕಾಲನ್ನು ನೆಲಕ್ಕೆ ಊರಿಸಿಬಿಟ್ಟ. ಕಟ್ಟೆಯ ಮೇಲಿನವರು ಸಿಳ್ಳೆ ಹೊಡೆದರು. ಆ ಸಿಳ್ಳೆಯೇ ಮುಳುವಾಯಿತು. ಭರಮಪ್ಪ ತಿಪ್ಪಣ್ಣನ ಬಲಗೈಯನ್ನು ಹಿಂದಕ್ಕೆ ತಿರುಚಿ, ತಿರುಚಿದ ಹಾಗೆಯೇ ಎತ್ತಿ ಒಗೆದ. ಭುಜದ ಕೀಲು ತಪ್ಪಿದ ಸದ್ದು ಎಲ್ಲರಿಗೂ ಕೇಳಿತು. ಅಂಗಾತ ಬಿದ್ದು ನರಳುತ್ತಿದ್ದವನ ಎದೆಯ ಮೇಲೆ ಭರಮಪ್ಪ ಕಾಲಿಟ್ಟು, ಆ ಪವಿತ್ರ ಮಣ್ಣಿನಲ್ಲೇ ಉಗುಳಿದ.

ವಸ್ತಾದರು ಓಡಿಬಂದರು. "ಕಾಲ ತಗಿ. ಎಬ್ಬಸ ಅವನ್ನ, ಬೆನ್ನ ಝಾಡಸು."

"ಅದು ನನ್ನ ಕೆಲಸ ಅಲ್ಲಂತ ನೀವ ಹೇಳೀರಲ್ರಿ ವಸ್ತಾದ" ಎಂದ ಭರಮಪ್ಪ.

ವಸ್ತಾದರ ಕೈ ಅವನ ಕೆನ್ನೆಗೆ ಬಿತ್ತು. ಎಂದೂ ಶಿಷ್ಯರ ಮೇಲೆ ಕೈಮಾಡಿದವರಲ್ಲ. ಭರಮಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಅವರನ್ನೇ ದಿಟ್ಟಿಸಿ ನೋಡಿದ.

"ಹೊಡದ ಕೈ ಎಷ್ಟ ಗಟ್ಟಿ ಐತಿ ನೋಡೇ ಬಿಡೂಣ" ಎಂದ. "ಬರೂ ಶನಿವಾರ ಊರ ಮಂದಿ ಮುಂದ ಇಲ್ಲೇ ಇಳೀರಿ. ನಿಮ್ಮ ಬೆನ್ನ ಮಣ್ಣಿಗೆ ಮುಟ್ಟಿದ್ರ ತಾಲೀಮಿನ ಕೀಲಿ ನನಗ ಕೊಡ್ರಿ. ನಂದು ಮುಟ್ಟಿದ್ರ ನಾ ಊರ ಬಿಡ್ತೀನಿ."

ಅಲ್ಲಿದ್ದ ಹಿರಿಯ ಶಿಷ್ಯರು ನಡುವೆ ಬಂದರು. ವಸ್ತಾದರು ಅವರನ್ನು ಸರಿಸಿ, "ಇಳೀತೀನಿ" ಎಂದರು. ಅಷ್ಟೇ. ಗೋಡೆಯ ಆಚೆ ಅಜ್ಜನವರು ಪೂಜೆಗೆ ಕುಳಿತಿದ್ದರು. ಆಡಿದ ಪ್ರತಿ ಮಾತೂ ಅವರಿಗೆ ಕೇಳಿತ್ತು.

ಆ ವಾರ ಮಡ್ಡಿಹಾಳದಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಚಹದಂಗಡಿಯಲ್ಲಿ, ಕಾಳು ತುಂಬಿಡುವ ಹಗೇವಿನ ಕಟ್ಟೆಯ ಮೇಲೆ ಅದೇ ಮಾತು. ಭರಮಪ್ಪನ ಮೆಚ್ಚಿನ ಪಟ್ಟು ಕುತ್ತಿಗೆಗೆ ಕೈಹಾಕಿ ಕೆಳಗೆ ತರುವುದು. ಅದನ್ನು ಅವನು ವಸ್ತಾದರ ಮೇಲೆ ಹಾಕುತ್ತಾನೆಯೇ ಎಂದು ಒಬ್ಬ ಕೇಳಿದರೆ, ಅದನ್ನು ಬಿಟ್ಟು ಅವನಿಗೆ ಬೇರೆ ಏನು ಬರುತ್ತದೆ ಎಂದು ಇನ್ನೊಬ್ಬ. ತಪ್ಪು ವಸ್ತಾದರದು, ಹೊಡೆಯಬಾರದಿತ್ತು ಎನ್ನುವವರೂ ಇದ್ದರು. ತಮಾಷೆ ನೋಡುವ ಚಪಲದವರು ಮಾತ್ರ ಶನಿವಾರ ಎಂದು ಬರುತ್ತದೋ ಎಂದು ಕಾಯುತ್ತಿದ್ದರು. ಅಂಥವರು ಎಲ್ಲ ಊರಿನಲ್ಲಿಯೂ ಇರುತ್ತಾರೆ, ದೇವರು ಅವರನ್ನು ಯಾಕೆ ಸೃಷ್ಟಿಸಿದನೋ ನಾನರಿಯೆ.

ವಸ್ತಾದರು ಬಾಗಿಲು ಹಾಕಿಕೊಂಡು ಒಬ್ಬರೇ ಸಾಮು ಮಾಡತೊಡಗಿದರು. ಹೊರಗೆ ಬಂದಾಗ ಕುತ್ತಿಗೆಯನ್ನು ನೆಟ್ಟಗೆ ಹಿಡಿದು, ನೋವಿಲ್ಲದವರಂತೆ ನಡೆಯುತ್ತಿದ್ದರು. ಹಿರಿಯರು ಹೋಗಿ ತಿಳಿಹೇಳಿದರೆ, "ಮರ್ಯಾದಿ ಪ್ರಶ್ನೆ ಐತಿ" ಎಂಬ ಒಂದೇ ಉತ್ತರ. ಭರಮಪ್ಪನ ಬಳಿ ಹೋದರೆ ಅವನದೂ ಅದೇ ಉತ್ತರ. ಇಬ್ಬರ ಬಾಯಲ್ಲೂ ಒಂದೇ ಮಾತು ಬರುತ್ತಿದ್ದುದನ್ನು ಆಗ ಯಾರೂ ಗಮನಿಸಲಿಲ್ಲ.

ಹಿರಿಯರು ಕೊನೆಗೆ ಅಜ್ಜನವರ ಮುಂದೆ ಬಂದು ಕುಳಿತರು. "ಅಜ್ಜಾರ, ನೀವು ಒಂದು ಮಾತ ಹೇಳಿದ್ರ ಕುಸ್ತಿ ನಿಲ್ಲತೈತ್ರಿ" ಎಂದರು.

"ಕುಸ್ತಿ ನಿಲ್ಲತೈತಿ, ಸಿಟ್ಟು ನಿಲ್ಲೂದಿಲ್ಲ" ಎಂದು ಅಜ್ಜನವರು ಕಣ್ಣು ಮುಚ್ಚಿದರು.

ಹಿರಿಯರಿಗೆ ಇದು ರುಚಿಸಲಿಲ್ಲ. ಸ್ವಾಮಿಗಳೆಂದ ಮೇಲೆ ಇಂಥ ಹೊತ್ತಿಗೆ ಒದಗದಿದ್ದರೆ ಇನ್ನೆಂದಿಗೆ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡು ಹೋದರು. ನನ್ನ ಸೋದರಮಾವನೂ ಗೊಣಗಿದವರಲ್ಲೊಬ್ಬರು.

ಶುಕ್ರವಾರ ಮಧ್ಯಾಹ್ನ ಜೈನಾಬಿಯವರು ಬಂದರು. ಗಂಡನಿಗೆ ತಿಳಿಯದ ಹಾಗೆ, ನೀರಿಗೆ ಹೋಗುವವರಂತೆ ಕೊಡ ಹಿಡಿದುಕೊಂಡು ಬಂದಿದ್ದರು. ಕೊಡವನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

"ಅಜ್ಜಾರ, ಒಬ್ಬಾಂವ ನನ್ನ ಗಂಡ, ಇನ್ನೊಬ್ಬಾಂವ ನಾ ಹಾಲ ಕುಡಿಸಿದ ಮಗಾ" ಎಂದರು ಆ ತಾಯಿ. "ನಾಳೆ ಯಾರು ಬಿದ್ರೂ ನನ್ನ ಮನೀದ ಹೆಣ. ಭರಮ್ಯಾ ಮನಿಗೆ ಬರೂದು ಬಿಟ್ಟಾನ. ನಿನ್ನೆ ಓಣ್ಯಾಗ ಸಿಕ್ಕಿದ್ದ, ನಿಂದಿರಿಸಿ ಕೇಳಿದೆ. ಅವರ ಕುತ್ತಿಗಿ ನಿನಗ ಗೊತ್ತೈತೆಲ್ಲೋ ಅಂದೆ. ತೆಳಗ ನೋಡಿಕೋತ ಹೋದ."

"ತೆಳಗ ನೋಡಿದ್ನಾ?" ಎಂದು ಅಜ್ಜನವರು ಕೇಳಿದರು.

"ಹೂಂನ್ರಿ."

"ಹಂಗಾರ ನಡಿಯವ್ವಾ. ನಾಳೆ ನಾನೂ ಬರ್ತೀನಿ" ಎಂದರು.

ಶನಿವಾರ ಹೊತ್ತೇರುವ ಮೊದಲೇ ತಾಲೀಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಟ್ಟೆಯ ಮೇಲೆ, ಕಿಟಕಿಗಳಲ್ಲಿ, ಹೊರಗಿನ ಬೇವಿನ ಗಿಡದ ಟೊಂಗೆಗಳ ಮೇಲೂ ಜನ. ಅಷ್ಟು ಜನರಿದ್ದೂ ಗದ್ದಲವಿರಲಿಲ್ಲ. ಹಿಂದಿನ ದಿನವೇ ಅರಿಸಿನ, ಮಜ್ಜಿಗೆ, ಎಣ್ಣೆ ಬೆರೆಸಿ ಮಣ್ಣು ಅಗೆದು ಹದ ಮಾಡಿದ್ದರು. ವಸ್ತಾದರು ಲಂಗೋಟಿ ಬಿಗಿದು ಒಂದು ಮೂಲೆಯಲ್ಲಿ ನಿಂತಿದ್ದರು. ಮುಪ್ಪಿನ ಮೈ, ತೊಡೆಯ ಚರ್ಮ ಜೋತಿತ್ತು. ಅದನ್ನು ನೋಡಿ ಕೆಲವರು ಮುಖ ತಿರುಗಿಸಿಕೊಂಡರು. ಆಚೆಯ ಮೂಲೆಯಲ್ಲಿ ಭರಮಪ್ಪ, ಚಪ್ಪಲಿ ಕಾಲಿನಲ್ಲಿಯೇ ಕಟ್ಟೆಯ ಮೇಲೆ ನಿಂತಿದ್ದ. ಬೇಕೆಂದೇ ಹಾಗೆ ನಿಂತಿದ್ದನೆಂದು ನನ್ನ ಮಾವ ಹೇಳುತ್ತಾರೆ.

ಹಿಂದಿನ ಬಾಗಿಲಿನಿಂದ ಅಜ್ಜನವರು ಬಂದರು. ಜನ ದಾರಿಬಿಟ್ಟರು. ಅಖಾಡದ ಅಂಚಿನಲ್ಲಿ ನಿಂತು ಹೊದ್ದಿದ್ದ ಕಾವಿಯ ಶಾಟಿಯನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಮೈಮೇಲೆ ಉಳಿದದ್ದು ಕೌಪೀನ ಮತ್ತು ಕೊರಳ ಲಿಂಗ. ಎಲುಬು ಎಣಿಸಬಹುದಾದಂಥ ದೇಹ. ಬಾಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಅಖಾಡದ ನಡುವೆ ಹೋಗಿ ನಿಂತರು.

"ಬಾ ತಮ್ಮಾ, ಮದಲ ನನ್ನ ಹಿಡಿ" ಎಂದರು ಭರಮಪ್ಪನಿಗೆ.

ಜನರಲ್ಲಿ ಗುಜುಗುಜು ಎದ್ದಿತು. ಭರಮಪ್ಪ ಒಂದು ಗಳಿಗೆ ತಬ್ಬಿಬ್ಬಾದ. ಮತ್ತೆ ಸೆಟೆದು, "ನಿಮ್ಮ ಕೂಡ ಜೋಡಿ ಹಿಡದ್ರ ಮಂದಿ ನನಗ ಕಲ್ಲ ಒಗೀತಾರ್ರಿ. ಇದು ಮಠ ಅಲ್ಲ. ನೀವು ಸರೀರಿ" ಎಂದ.

"ಹಿಡ್ಯಾಂಗಿಲ್ಲಾ?"

"ಇಲ್ರಿ."

"ಹಂಗಾರ ನಾ ಸೋತೆ" ಎಂದರು ಅಜ್ಜನವರು. ಹೀಗೆಂದವರೇ ಮೊದಲು ಕುಳಿತು, ಆಮೇಲೆ ನಿಧಾನವಾಗಿ ಬೆನ್ನು ಊರಿ, ಎರಡೂ ಭುಜ ಮಣ್ಣಿಗೆ ತಾಗುವ ಹಾಗೆ ಅಂಗಾತ ಮಲಗಿಬಿಟ್ಟರು. ಲೆಕ್ಕಕ್ಕೆ ಅದು ಚಿತ್. ತಕರಾರಿಗೆ ಎಡೆಯೇ ಇಲ್ಲದಂಥ ಸೋಲು.

ಹೆಂಗಸರು ಅಯ್ಯೋ ಎಂದರು. ಗಂಡಸರು ಏನು ಮಾಡಬೇಕೆಂದು ತಿಳಿಯದೆ ಕೈಮುಗಿದರು. ಊರೆಲ್ಲ ಅಡ್ಡಬೀಳುತ್ತಿದ್ದ ಪೂಜ್ಯರು ಊರೆಲ್ಲರ ಕಾಲಿನ ಮಟ್ಟಕ್ಕೆ ಬಿದ್ದಿದ್ದರು. ಎಬ್ಬಿಸಲು ನಾಲ್ಕಾರು ಜನ ಒಟ್ಟಿಗೇ ಕೆಳಗೆ ಧುಮುಕಿದರು. ಅಜ್ಜನವರು ಮಲಗಿದಲ್ಲಿಂದಲೇ ಕೈಯೆತ್ತಿ ಅವರನ್ನು ತಡೆದರು.

"ಏಳ್ರಿ ಅಜ್ಜಾರ" ಎಂದ ಭರಮಪ್ಪ. ದನಿಯಲ್ಲಿ ಸಿಟ್ಟಿತ್ತು.

"ಏಳಾಕ ಬರೂದಿಲ್ಲೋ. ಗೆದ್ದಾಂವ ಎಬ್ಬಸಬೇಕು, ಬೆನ್ನ ಝಾಡಸಬೇಕು. ಇದು ನಿನ್ನ ತಾಲೀಮಿನ ರಿವಾಜು."

"ನಾ ಗೆದ್ದಿಲ್ಲ. ನೀವಾಗೇ ಬಿದ್ದೀರಿ."

ಅಜ್ಜನವರು ಮೇಲಿನ ಜಂತೆಯನ್ನು ನೋಡುತ್ತ ಮಲಗಿದ್ದರು. ಭರಮಪ್ಪ ಹಲ್ಲು ಕಡಿದು, "ಹಂಗಾರ ದಿನಾ ಪೂರ್ತಿ ಮಲಗ್ರಿ" ಎಂದು ಕಟ್ಟೆಯ ಮೇಲೆ ಕುಳಿತ. ಹಿಂದಿನಿಂದ ಯಾರೋ ಅವನಿಗೆ ಬೈದರು. ಅವನು ತಿರುಗಿ ನೋಡಿದ ನೋಟಕ್ಕೆ ಬೈದವನ ಬಾಯಿ ಕಟ್ಟಿತು.

ಹೊತ್ತು ಏರಿತು. ಗವಾಕ್ಷಿಯಿಂದ ಇಳಿದ ಬಿಸಿಲು ಅಜ್ಜನವರ ಮುಖದ ಮೇಲೆ ಬಿತ್ತು. ಹಣೆಯಿಂದ ಬೆವರು ಇಳಿದು ಕಿವಿಯ ಹತ್ತಿರ ಮಣ್ಣಾಗುತ್ತಿತ್ತು, ಒಂದು ನೊಣ ತುಟಿಯ ಮೇಲೆ ಕೂತಿತ್ತು. ಅವರು ಕೈಯಾಡಿಸಲಿಲ್ಲ. ಮುಪ್ಪಿನ ದೇಹ, ಬೆಳಗಿನಿಂದ ಉಪವಾಸ. ಹೀಗೇ ಇವರ ಜೀವಕ್ಕೆ ಏನಾದರೂ ಆದರೆ ಎಂಬ ಹೆದರಿಕೆ ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಭರಮಪ್ಪ ಮಾತ್ರ ಕುಳಿತಲ್ಲಿಂದ ಅಲುಗಲಿಲ್ಲ. ಎದ್ದು ಹೊರಗೆ ಹೋಗಬಹುದಿತ್ತು, ಅವನನ್ನು ತಡೆಯುವ ಗಂಡು ಅಲ್ಲಿರಲಿಲ್ಲ. ಆದರೂ ಹೋಗಲಿಲ್ಲ, ಅದೇಕೆಂದು ಆಗ ಅವನಿಗೂ ತಿಳಿದಿರಲಿಕ್ಕಿಲ್ಲ.

ತಾಳಲಾರದೆ ವಸ್ತಾದರೇ ಮುಂದೆ ಬಂದರು. ಅಜ್ಜನವರ ಬಳಿ ಮೊಣಕಾಲೂರಿ, "ಅಜ್ಜಾರ, ಸಾಕ್ರಿ. ನಾ ಎಬ್ಬಸ್ತೀನಿ, ನಾ ಝಾಡಸ್ತೀನಿ" ಎಂದು ಕೈಚಾಚಿದರು.

"ದೂರ ಸರಿ ಲಾಡಸಾಬ" ಎಂದರು ಅಜ್ಜನವರು, ಅವರತ್ತ ನೋಡದೆಯೇ. "ಇದು ಅವನ ಕೆಲಸ. ಈ ಕೆಲಸ ಅವಗ ಬಿಡಿಸಿದಾಂವ ನೀನ."

ಚಾಚಿದ ಕೈ ಅಲ್ಲಿಯೇ ನಿಂತಿತು. ವಸ್ತಾದರ ಮುಖ ಕಪ್ಪಿಟ್ಟಿತು. ಅತಿಥಿಗಳ ಮುಂದೆ ಮೀಸೆ ತಿರುವಿದ್ದು, ಚಪ್ಪಲಿ ಕಂಡೂ ಕಾಣದವರಂತೆ ಇದ್ದದ್ದು, ತನ್ನ ಹುಲಿ ಎಂದು ಎದೆಯುಬ್ಬಿಸಿ ತಿರುಗಿದ್ದು, ಎಲ್ಲವೂ ಆ ಗಳಿಗೆಯಲ್ಲಿ ಅವರ ಕಣ್ಣೆದುರು ಬಂದಿರಬೇಕು. ಆಮೇಲೆ ಇಡೀ ಮೈಯನ್ನು ಭರಮಪ್ಪನ ಕಡೆಗೆ ತಿರುಗಿಸಿದರು.

"ಖರೆ ಐತಿ ಭರಮ್ಯಾ" ಎಂದರು. ಊರಿಗೆ ಊರೇ ಕೇಳುವಂತೆ ಹೇಳಿದರು. "ಅವತ್ತ ನಿನ್ನ ಕೈ ನಾ ತಡದೆ. ಡೌಲಿಗೆ ತಡದೆ. ನಿನಗ ಕೆಡವೂದು ಕಲಿಸಿದೆ, ಎಬ್ಬಸೂದು ಮರಿಸಿದೆ. ಈ ತಪ್ಪು ನಂದು. ಆಮ್ಯಾಲ ನಿನಗ ಹೊಡದೆ, ಅದೂ ನಂದ ತಪ್ಪು."

ಕುಸ್ತಿ ಆಡಿದವರಿಗೆ ಗೊತ್ತು, ಬಲವಾಗಿ ತಳ್ಳುತ್ತಿರುವಾಗ ಎದುರಿನವನು ಇದ್ದಕ್ಕಿದ್ದಂತೆ ಕೈಬಿಟ್ಟರೆ ತಳ್ಳುವವನೇ ಮುಗ್ಗರಿಸುತ್ತಾನೆ. ಭರಮಪ್ಪನಿಗೆ ಆದದ್ದು ಅದೇ. ಬೈಗುಳಕ್ಕೆ ಸಿದ್ಧನಾಗಿದ್ದ, ಹೊಡೆತಕ್ಕೆ ಸಿದ್ಧನಾಗಿದ್ದ. ತನ್ನನ್ನು ಸಾಕಿದ ಮನುಷ್ಯ ಹೀಗೆ ಮಣ್ಣಿನಲ್ಲಿ ಮೊಣಕಾಲೂರಿ ತಪ್ಪು ನನ್ನದು ಎಂದುಬಿಟ್ಟರೆ ಏನು ಮಾಡಬೇಕೆಂಬುದು ಅವನು ಕಲಿತ ಯಾವ ಪಟ್ಟಿನಲ್ಲೂ ಇರಲಿಲ್ಲ. ಬಾಗಿ ಚಪ್ಪಲಿ ಕಳೆದ. ಕಟ್ಟೆ ಇಳಿದು ಬಂದು ಅಜ್ಜನವರ ಕೈ ಹಿಡಿದ.

ಎಬ್ಬಿಸುವಾಗ ಅವನು ಬೆರಗಾದನಂತೆ. ಊರೆಲ್ಲ ಇಷ್ಟು ಹೊತ್ತು ಉಸಿರು ಬಿಗಿಹಿಡಿಯುವಂತೆ ಮಾಡಿದ ಆ ದೇಹದಲ್ಲಿ ತೂಕವೇ ಇರಲಿಲ್ಲ. ಅಜ್ಜನವರು ಎದ್ದು ಕುಳಿತು ಬೆನ್ನು ಕೊಟ್ಟರು. ಬೆನ್ನ ತುಂಬ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಭರಮಪ್ಪ ಕೈಯೆತ್ತಿ ಝಾಡಿಸಿದ. ಹಿಡಿಯುವುದು, ಒತ್ತುವುದು, ತಿರುಚುವುದು ಇಷ್ಟೇ ರೂಢಿಯಲ್ಲಿ ಉಳಿದಿದ್ದ ಕೈ ಅದು. ಏಟಿನ ಹಾಗೆ ಬಿತ್ತು. ಅಜ್ಜನವರು ಮುಂದಕ್ಕೆ ಜೋಲಿ ಹೊಡೆದರು. ಜನ ಹಾ ಎಂದು ಎದ್ದು ನಿಂತರು.

"ಸಾವಕಾಶ" ಎಂದರು ಅಜ್ಜನವರು.

ಅದೊಂದೇ ಮಾತು. ಎಷ್ಟೋ ವರ್ಷಗಳ ಮೇಲೆ ಭರಮಪ್ಪ ಒಂದು ಬೆನ್ನನ್ನು ಕೆಡವುವುದಕ್ಕಲ್ಲದೆ ಮುಟ್ಟುತ್ತಿದ್ದ. ಮೆಲ್ಲಗೆ, ಭುಜದಿಂದ ಕೆಳಕ್ಕೆ ಸವರಿದ. ಬೆವರಿಗೆ ಅಂಟಿದ ಮಣ್ಣು ಸಲೀಸಾಗಿ ಬಿಡಲಿಲ್ಲ, ಅಂಗೈಯಿಂದ ತಿಕ್ಕಿ ತಿಕ್ಕಿ ತೆಗೆದ. ತೆಗೆಯುತ್ತ ತೆಗೆಯುತ್ತ ಅವನ ಕಣ್ಣಲ್ಲಿ ನೀರು ಬಂದಿತು. ಮುಚ್ಚಿಡಲು ಅವನು ನೋಡಲಿಲ್ಲ. ಗೋಡೆಯ ಬದಿಗೆ ನಿಂತಿದ್ದ ಜೈನಾಬಿಯವರು ಗೋಡೆಗೆ ಹಣೆಯಿಟ್ಟು ಅತ್ತರು.

ಬೆನ್ನು ಸ್ವಚ್ಛವಾದ ಮೇಲೆ ಅಜ್ಜನವರು ಕೇಳಿದರು, "ಇನ್ನ ಯಾರ ಬೆನ್ನ ಉಳೀತು?"

ಭರಮಪ್ಪ ತಲೆ ತಗ್ಗಿಸಿದ. ಎದ್ದು, ಮೈಮೇಲೆ ಅಂಗಿ ಕೂಡ ಹಾಕಿಕೊಳ್ಳದೆ ಬಾಗಿಲ ಕಡೆಗೆ ನಡೆದ. ವಸ್ತಾದರು ಹಿಂದೆಯೇ ಬಂದು, "ನಿಂದರು, ನಾನೂ ಬರ್ತೀನಿ. ಅದರಾಗ ನಂದೂ ಪಾಲೈತಿ" ಎಂದರು. ಗುರುಶಿಷ್ಯರು ಲಂಗೋಟಿಯಲ್ಲೇ ಬೀದಿಗಿಳಿದರು. ಕುಸ್ತಿ ನೋಡಲು ಬಂದ ಜನವೆಲ್ಲ ಸದ್ದಿಲ್ಲದೆ ಅವರ ಹಿಂದೆ ನಡೆಯಿತು. ಅಜ್ಜನವರು ಹೋಗಲಿಲ್ಲ. ಸಲಿಕೆ ತೆಗೆದುಕೊಂಡು, ತಾವು ಮಲಗಿ ತಗ್ಗಾದ ಮಣ್ಣನ್ನು ಸಮ ಮಾಡತೊಡಗಿದರು.

ನೇಕಾರರ ಓಣಿಯಲ್ಲಿ ಗೌರವ್ವ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಬಂದವರನ್ನು ಒಳಗೆ ಕರೆಯಲಿಲ್ಲ.

"ಯಾಕ ಬಂದಿ?" ಎಂದು ಭರಮಪ್ಪನನ್ನು ಕೇಳಿದಳು. "ಅವನ ಬೆನ್ನಾಗಿನ ಮಣ್ಣು ನಾ ಅವತ್ತ ತೊಳದೀನಿ. ಅಳಕೋತ ತೊಳದೀನಿ. ಮಗ್ಗ ಅವತ್ತಿಂದ ನಿಂತೈತಿ. ಈಗ ಏನ ಝಾಡಸಾಕ ಬಂದಿ ನೀ?"

ಭರಮಪ್ಪ ಬಿಸಿಲಿನಲ್ಲಿ ಹಾಗೆಯೇ ನಿಂತ. ವಸ್ತಾದರೂ ತಲೆಬಾಗಿಸಿ ನಿಂತರು. ಒಳಗಿನಿಂದ ತಿಪ್ಪಣ್ಣ, ಕಟ್ಟಿದ ತೋಳನ್ನು ಎದೆಗೆ ಅವುಚಿಕೊಂಡು ಬಾಗಿಲಿಗೆ ಬಂದ. ಭರಮಪ್ಪನನ್ನು ನೋಡಿದ, ಅವನ ಪಕ್ಕದಲ್ಲಿದ್ದ ವಸ್ತಾದರನ್ನು ನೋಡಿದ.

"ನನ್ನ ಬೆನ್ನಾಗ ಏನೂ ಉಳದಿಲ್ಲೋ ಭರಮಣ್ಣಾ, ಹೋಗು" ಎಂದ.

"ನನ್ನ ಕೈಯಾಗ ಉಳದೈತಿ ತಿಪ್ಪಣ್ಣಾ" ಎಂದ ಭರಮಪ್ಪ. "ತೊಳದ್ರ ಹೋಗವಲ್ದು."

ತಿಪ್ಪಣ್ಣ ಆ ಕೈಯನ್ನು ನೋಡಿದ. ಕೊನೆಗೆ ತಾಯಿಗೆ, "ದಾರಿ ಬಿಡಬೇ" ಎಂದ. ಗೌರವ್ವ ಸರಿದು ನಿಂತಳು. ಮುಖದ ಬಿಗಿ ಮಾತ್ರ ಸಡಿಲಾಗಲಿಲ್ಲ. ಅವಳು ಭರಮಪ್ಪನಿಗೆ ಕುಡಿಯಲು ನೀರು ಕೊಟ್ಟದ್ದು ಅದೆಷ್ಟೋ ದಿನಗಳ ಮೇಲೆ. ತಾಯಿಯ ಕರುಳು, ಅದಕ್ಕೆ ನಾನು ತಪ್ಪು ಹೊರಿಸಲಾರೆ.

ಮರುದಿನದಿಂದ ಅಖಾಡಕ್ಕೆ ಇಳಿಯುವ ಮುಂಚೆ ಭರಮಪ್ಪ ಎಣ್ಣೆಯ ಬಟ್ಟಲು ಹಿಡಿದು ನೇಕಾರರ ಓಣಿಗೆ ಹೋಗತೊಡಗಿದ. ವಸ್ತಾದರು ಅಂದೇ ಕೂರಿಸಿದ್ದ ಭುಜದ ಕೀಲಿಗೆ ಇವನು ಎಣ್ಣೆ ತಿಕ್ಕಿ ನೀವುವನು. ಕಿರಿಯ ಹಿರಿಯನ ಮೈ ತಿಕ್ಕುವುದು ತಾಲೀಮಿನ ಪದ್ಧತಿ, ಹಿರಿಯ ಪೈಲವಾನ ಸೋ‍ತವನ ಮನೆಗೆ ಹೋಗಿ ತೋಳು ತಿಕ್ಕುವುದನ್ನು ಯಾರೂ ಕಂಡಿರಲಿಲ್ಲ. ಮೊದಮೊದಲು ಓಣಿಯವರು ಇಣುಕಿ ನೋಡಿ ನಗುತ್ತಿದ್ದರು. ಅವನು ಬರುವುದನ್ನು ನಿಲ್ಲಿಸಲಿಲ್ಲ, ಅವರು ನಗುವುದನ್ನು ನಿಲ್ಲಿಸಿದರು. ಮಗ್ಗದ ಸದ್ದು ಮತ್ತೆ ಕೇಳುವ ಹೊತ್ತಿಗೆ ಚಳಿಗಾಲ ಬಂದಿತ್ತು. ತೋಳು ಪೂರ್ತಿ ಮೊದಲಿನಂತಾಗಲಿಲ್ಲ, ಲಾಳಿ ಹೊಡೆಯುವಷ್ಟಾಯಿತು. ತಾಲೀಮಿನ ಕೀಲಿ ವಸ್ತಾದರ ಸೊಂಟದಲ್ಲಿಯೇ ಉಳಿಯಿತು. ಅವರ ಕುತ್ತಿಗೆಗೆ ಎಣ್ಣೆ ತಿಕ್ಕಲು ಭರಮಪ್ಪ ಮತ್ತೆ ಆ ಮನೆಗೆ ಬಂದ. ಅವರು ಕೊನೆಯುಸಿರೆಳೆದದ್ದು ಹಾಸಿಗೆಯ ಮೇಲೆ, ಅವನ ತೊಡೆಯ ಮೇಲೆ ತಲೆಯಿಟ್ಟು.

ಆ ಶನಿವಾರದ ನಂತರ ಅಜ್ಜನವರ ಕೀರ್ತಿ ಸುತ್ತಲಿನ ಊರುಗಳಿಗೆಲ್ಲ ಹಬ್ಬಿತು. ದೂರದಿಂದ ಒಬ್ಬ ಶ್ರೀಮಂತರು ಗಾಡಿ ಕಟ್ಟಿಕೊಂಡು ಬಂದು ತಗಡಿನ ಮಾಡಿನ ಮುಂದೆ ಅಡ್ಡಬಿದ್ದರು. ಅಂಥ ಕಲ್ಲೆದೆಯನ್ನು ಕರಗಿಸಿದಿರಿ, ಆ ಮಂತ್ರ ಯಾವುದು, ತಮ್ಮ ಮಗನ ಮೇಲೂ ಒಮ್ಮೆ ಪ್ರಯೋಗಿಸಬೇಕು ಎಂದು ಬೇಡಿಕೊಂಡರು. ನನ್ನ ಸೋದರಮಾವ ಆಗ ಅಲ್ಲಿಯೇ ಕಸ ಗುಡಿಸುತ್ತಿದ್ದರು.

ಅಜ್ಜನವರು ಆ ಶ್ರೀಮಂತರನ್ನು ಮರುಕದಿಂದ ನೋಡಿದರು.

"ನಾ ಏನ ಮಾಡೀನೋ ತಮ್ಮಾ?" ಎಂದರು. "ಬಿದ್ದೀನಿ, ಅಷ್ಟ. ನಿನ್ನ ಮಗನ ಮುಂದ ನೀ ಬೀಳಬೇಕು."